ಹೊಸ ಪ್ರಮೇಯವೇ ಬೇಕು ಅಂತೇನಿಲ್ಲ
ನಿಮ್ಮ ಎಂಎಸ್ಸಿ ಗಣಿತ ಪ್ರಬಂಧದಲ್ಲಿ ಹೊಸ ಪ್ರಮೇಯ ಇಲ್ಲ, ಹಳೆಯದಕ್ಕೇ ಸುಲಭದ ಸಾಧನೆ (ಪ್ರೂಫ್) ಇದೆ, ಬಹುಮಾನಕ್ಕೆ ಕಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ. ಒಂದು ಮಿತಿಯೊಳಗೆ ಸುಮಾರು ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಅಂತ ಹೇಳುವ ಅವಿಭಾಜ್ಯ ಸಂಖ್ಯೆಗಳ ಪ್ರಮೇಯ 1896ರಲ್ಲೇ ಸಾಬೀತಾಗಿತ್ತು. ಅದನ್ನೇ ಸಂಕೀರ್ಣ ವಿಶ್ಲೇಷಣೆಯ (ಸಂಕೀರ್ಣ ಸಂಖ್ಯೆಗಳ ಕ್ಯಾಲ್ಕುಲಸ್) ನೆರವಿಲ್ಲದೆ ಗಣಿತಜ್ಞರಾದ ಸೆಲ್ಬರ್ಗ್ ಮತ್ತು ಎರ್ಡಿಶ್ ಸಾಧಿಸಿದ್ದು 1949ರಲ್ಲಿ ಪ್ರಕಟವಾಯಿತು. ಮರುವರ್ಷ ಸೆಲ್ಬರ್ಗ್‌ಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಬಂತು, ಈ ಕೆಲಸವೂ ಅದಕ್ಕೊಂದು ಕಾರಣ.

ಆದರೆ ಪೀಠಿಕೆಯ ಮೊದಲ ಪುಟದಲ್ಲೇ ಯಾವುದು ನಿಮ್ಮದು, ಯಾವುದು ಬೇರೆಯವರದ್ದು ಅಂತ ಬಿಡಿಸಿ ಬರೆಯಿರಿ. ‘ಲೆಮ್ಮಾ 3.2 ನನ್ನದು, ಇದರಿಂದ ಹಳೆಯ ಸಾಧನೆಯ ಇಂಡಕ್ಷನ್ ಬೇಕಾಗುವುದೇ ಇಲ್ಲ’ ಅನ್ನುವಷ್ಟು ನೇರವಾಗಿ (ಲೆಮ್ಮಾ ಅಂದರೆ ಮುಖ್ಯ ಸಾಧನೆಗೆ ನೆರವಾಗುವ ಚಿಕ್ಕ ಪ್ರಮೇಯ). ತೀರ್ಪುಗಾರರು ಬೇರೆ ವಿಷಯದವರಿರಬಹುದು ಅಲ್ವಾ? ಅದಕ್ಕೇ ಒಂದು ಚಿಕ್ಕ ಉದಾಹರಣೆಯನ್ನು ಪೂರ್ತಿ ಮಾಡಿ ತೋರಿಸಿ. ಮಾರ್ಗದರ್ಶಕರ ಪತ್ರದಲ್ಲೂ ಆ ಲೆಮ್ಮಾದ ಮಾತು ಬರಲಿ, ಸುಮ್ನೆ ‘ಒಳ್ಳೆಯ ವಿದ್ಯಾರ್ಥಿ’ ಅಂದರೆ ಸಾಲದು.