ರೋಮ್‌ನಿಂದ ಒಂದು ದಿನಕ್ಕೆ ಯಾವ ಊರು?

ಪ್ರಶ್ನೆ: ಅಪ್ಪ-ಅಮ್ಮನ ಜೊತೆ ರೋಮ್‌ಗೆ ಹೋಗುತ್ತಿದ್ದೇವೆ. ಬೆಟ್ಟದ ಮೇಲಿನ ಹಳೇ ಊರೊಂದನ್ನು ನೋಡಿ ಸಂಜೆಗೆ ವಾಪಸ್ ಬರಬೇಕು. ಕಾರು ಬೇಡ. ಅಮ್ಮನಿಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು.
- ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸುಮ್ನೆ ಒರ್ವಿಯೆಟೊಗೆ ಹೋಗಿಬಿಡಿ. ಟ್ರೇನಿನಲ್ಲಿ ಸುಮಾರು ಒಂದೂಕಾಲು ಗಂಟೆ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ ಬೀಳಬಹುದು. ಸ್ಟೇಷನ್ ಕೆಳಗೆ, ಊರು ಬಂಡೆಯ ನೆತ್ತಿಯ ಮೇಲೆ. ಆದರೆ ಎದುರಿಗೇ ಹಗ್ಗದಿಂದ ಮೇಲಕ್ಕೆಳೆಯುವ ಪುಟ್ಟ ರೈಲಿದೆ, ಮೇಲಿಂದ ಊರಿನ ದೊಡ್ಡ ಚರ್ಚಿನವರೆಗೆ ಮಿನಿಬಸ್ ಇದೆ, ಹಾಗಾಗಿ ಅಮ್ಮನಿಗೆ ಜಾಸ್ತಿ ತೊಂದರೆಯಿಲ್ಲ.

1290ರಲ್ಲಿ ಶುರುವಾದ ಆ ಚರ್ಚಿನ ಮುಂಭಾಗದ ಚಿನ್ನದ ಬಣ್ಣಕ್ಕೇ ಎಲ್ಲರೂ ಮರುಳಾಗುತ್ತಾರೆ. ನೀವು ಕಣ್ಣು ಕೆಳಗಿಳಿಸಿ. ಬಾಗಿಲ ಪಕ್ಕದ ಕಲ್ಲಿನಲ್ಲಿ, ಮಲಗಿದ ಆದಮನ ಪಕ್ಕೆಯಿಂದ ಈವ್ ಹುಟ್ಟುವುದನ್ನು ಕೆತ್ತಿದ್ದಾರೆ. ನಮ್ಮ ಬೇಲೂರು ನೋಡಿದವರಿಗೆ ಇದು ಹಿಡಿಸದೇ ಇರುತ್ತಾ?

ಪುಟ್ಟ ರೈಲಿನ ಮೇಲಿನ ಸ್ಟೇಷನ್ ಹತ್ತಿರವೇ ಸೇಂಟ್ ಪ್ಯಾಟ್ರಿಕ್ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಬಂದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆಯಾದರೆ ನೀರಿರಲಿ ಅಂತ ತೋಡಿಸಿದ್ದು. ಇಳಿಯಲು ಒಂದು, ಹತ್ತಲು ಇನ್ನೊಂದು ಸುರುಳಿ ಮೆಟ್ಟಿಲು, ನೀರು ಹೊರುವ ಹೇಸರಗತ್ತೆಗಳು ಎದುರುಬದುರು ಬರದ ಹಾಗೆ. ಒಂದೊಂದು ಕಡೆ 248 ಮೆಟ್ಟಿಲು, ಅಮ್ಮ ಮೇಲೆಯೇ ಇರಲಿ.

ಊಟಕ್ಕೆ ಒಂದು ಗಂಟೆಗೇ ಕೂತುಬಿಡಿ, ಮಧ್ಯಾಹ್ನದ ಮೇಲೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಟೊಮೆಟೊ ಸಾಸಿನ ಪಾಸ್ತಾ ಸಿಗುತ್ತದೆ. ಚೀಸ್ ಬೇಡ ಅಂದುಬಿಡಿ, ಅಲ್ಲಿನ ಪೆಕೊರಿನೊ ಅನ್ನುವ ಕುರಿಹಾಲಿನ ಚೀಸಿಗೆ ಹಾಲು ಒಡೆಸಲು ಸಾಮಾನ್ಯವಾಗಿ ಕುರಿಮರಿ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ.