ಮಿಲಿಟರಿ ಟ್ರಕ್‌ನ ಹಿಂದಿನ ಒಂದು ಆಕ್ಸಲ್ ತೆಗೆಯುವ ಕೆಲಸ ಮನೆಯಲ್ಲೇ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಸೇನೆಯ ಹಳೆ ಎಂ35ಎ2 ಟ್ರಕ್ ಹರಾಜಿನಲ್ಲಿ ಕೊಂಡಿದ್ದೀರಿ. ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ತೆಗೆದು ಗಾಡಿಯನ್ನು ಗಿಡ್ಡ ಮಾಡಬೇಕು. ಮನೆಯ ಹಿತ್ತಲಲ್ಲೇ ಆಗುವ ಕೆಲಸವೇ ಅಂತ.

ಆಗುತ್ತದೆ. ನಾನು ಟೆಕ್ಸಸ್‌ನಲ್ಲಿ ಮನೆ ಹಿಂದಿನ ಶೆಡ್‌ನಲ್ಲೇ ಮಾಡಿದ್ದೇನೆ. ಪಕ್ಕದ ಮನೆಯವರು ಡೀಸೆಲ್ ಮೆಕ್ಯಾನಿಕ್, ಅವರು ಜೊತೆಗಿದ್ದರು. ಎಲ್ಲರೂ ಚಾಸಿ ಕತ್ತರಿಸುವುದಕ್ಕೆ ಹೆದರುತ್ತಾರೆ, ಆದರೆ ಅದು ಸುಲಭ. ಹಿಂದಿನ ಬಾಲ ಮಾತ್ರ ಕತ್ತರಿಸಿ, ಕೊನೆಯ ಅಡ್ಡಪಟ್ಟಿಯನ್ನು ಮುಂದಕ್ಕೆ ತಂದು ಬೋಲ್ಟ್ ಹಾಕಿದರೆ ಮುಗಿಯಿತು. ಕ್ಯಾಬಿನ್‌ಗೂ ಆಕ್ಸಲ್‌ಗೂ ನಡುವೆ ಕತ್ತರಿಸಿ ಜೋಡಿಸುವ ಯೋಚನೆಯೇ ಬೇಡ. ಚಾಸಿಯ ಮೇಲಂಚು, ಕೆಳಂಚುಗಳಿಗೆ ವೆಲ್ಡಿಂಗ್ ಮಾಡಬೇಡಿ, ತೂತೂ ಕೊರೆಯಬೇಡಿ. ಬಲವೆಲ್ಲ ಆ ಅಂಚಿನಲ್ಲೇ ಇರುವುದು. ನಿಜವಾಗಿ ತಲೆ ಓಡಿಸಬೇಕಾದದ್ದು ಸ್ಪ್ರಿಂಗ್ ಮತ್ತು ಬ್ರೇಕ್ ವಿಷಯದಲ್ಲಿ.

ಮೊದಲು ಗಾಡಿ ಯಾತಕ್ಕೆ ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಮೂಲದಲ್ಲಿ ಈ ಟ್ರಕ್ ಕಾಡುದಾರಿಯಲ್ಲಿ 5,000 ಪೌಂಡ್, ಒಳ್ಳೆ ರಸ್ತೆಯಲ್ಲಿ 10,000 ಪೌಂಡ್ ಹೊರುವ ಲೆಕ್ಕದ್ದು. ಒಂದು ಆಕ್ಸಲ್ ಹೋದ ಮೇಲೆ ಆ ಅಂಕಿಗಳನ್ನು ಮರೆತುಬಿಡಿ. ಕಲ್ಲು, ಮರಳು, ದನ ಸಾಗಿಸುವುದಿದ್ದರೆ ಗಾಡಿಯನ್ನು ಇದ್ದ ಹಾಗೇ ಬಿಡಿ. ಸುತ್ತಾಡಲು, ಇಕ್ಕಟ್ಟಿನಲ್ಲಿ ತಿರುಗಿಸಲು, ಟೈರ್ ಖರ್ಚು ಇಳಿಸಲು ಆದರೆ ಖಂಡಿತ ಲಾಭ ಇದೆ. ಹಿಂದೆ ಬದಿಗೆ ಎರಡರ ಬದಲು ಒಂದೇ ದೊಡ್ಡ ಟೈರ್ ಹಾಕಿದರೆ, ಹತ್ತು ಟೈರ್ ಬದಲು ನಾಲ್ಕೇ ಸಾಕಲ್ವಾ!

ಈಗ ಸ್ಪ್ರಿಂಗ್. ಈ ಟ್ರಕ್‌ನ ಹಿಂದೆ ಪ್ರತಿ ಬದಿಗೆ ಒಂದೇ ಲೀಫ್ ಸ್ಪ್ರಿಂಗ್ ಕಟ್ಟು, ತಲೆಕೆಳಗಾಗಿ ಕೂತಿರುತ್ತದೆ. ಅದರ ನಡುಭಾಗ ಚಾಸಿಯ ಒಂದು ತಿರುಗುಣಿಯ ಮೇಲೆ ನಿಂತಿದೆ, ಎರಡು ತುದಿಗಳು ಎರಡು ಆಕ್ಸಲ್‌ಗಳ ಮೇಲೆ ಸುಮ್ನೆ ಜಾರುವಂತೆ ಕೂತಿವೆ. ಏತದ ಹಾಗೆ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯುತ್ತದೆ. ಒಂದು ಆಕ್ಸಲ್ ತೆಗೆದರೆ ಆ ತುದಿಗೆ ಆಧಾರವೇ ಇಲ್ಲ, ಸ್ಪ್ರಿಂಗ್ ತಿರುಗಿ ಗಾಡಿ ಕೂತುಬಿಡುತ್ತದೆ. ತಿರುಗುಣಿಗೆ ವೆಲ್ಡಿಂಗ್ ಹೊಡೆದು ಕಟ್ಟಿಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ. ಇನ್ನೊಂದು ಮಾತು: ಇಲ್ಲಿ ಸ್ಪ್ರಿಂಗ್ ತೂಕ ಮಾತ್ರ ಹೊರುತ್ತದೆ. ಎಳೆತ ಮತ್ತು ಬ್ರೇಕ್ ಹೊಡೆತವನ್ನು ತಡೆಯುವುದು ಆಕ್ಸಲ್‌ಗೂ ಚಾಸಿಗೂ ನಡುವಿನ ಟಾರ್ಕ್ ರಾಡ್‌ಗಳು. ಆ ರಾಡ್ ತೆಗೆದ ಕ್ಷಣ ಇಡೀ ಕೆಲಸ ಹೊಸ ಸ್ಪ್ರಿಂಗ್ ಮೇಲೆ ಬೀಳುತ್ತದೆ.

ಅದಕ್ಕೆ ನಾನು ಹೇಳುವುದು, ಇದೇ ಮಾದರಿಯ ಗುಜರಿ ಟ್ರಕ್‌ನಿಂದ ಮುಂದಿನ ಸ್ಪ್ರಿಂಗ್ ಒಂದು ಜೊತೆ, ಅದನ್ನು ಚಾಸಿಗೆ ಹಿಡಿಸುವ ಹ್ಯಾಂಗರ್ (ಕೊಕ್ಕೆಪಟ್ಟಿ) ಮತ್ತು ಶಾಕಲ್ (ಓಲಾಡುವ ಕೊಂಡಿ) ಸಮೇತ ತನ್ನಿ. ಅದನ್ನೇ ಹಿಂದಕ್ಕೆ ಹಾಕಿ, ಜೊತೆಗೆ ಶಾಕ್ ಅಬ್ಸಾರ್ಬರ್ ಕೂಡ. ಖಾಲಿ ಗಾಡಿ ಜಾಸ್ತಿ ಕುಪ್ಪಳಿಸಿದರೆ ಒಂದೆರಡು ಪ್ಲೇಟು ತೆಗೆಯಬಹುದು. ಆಕ್ಸಲ್ ಹೌಸಿಂಗ್ ಮೇಲೆ ಸ್ಪ್ರಿಂಗ್ ಕೂರುವ ಸೀಟನ್ನು ಮೊದಲು ಚುಕ್ಕಿ ವೆಲ್ಡಿಂಗ್‌ನಲ್ಲಿ ನಿಲ್ಲಿಸಿ. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಫ್ಲಾಂಜಿಗೂ ಆಕ್ಸಲ್‌ನ ಪಿನಿಯನ್‌ಗೂ (ಶಾಫ್ಟ್ ಬಂದು ಸೇರುವ ಗೇರ್) ಕೋನ ಅಳೆಯಿರಿ. ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು, ಇಲ್ಲದಿದ್ದರೆ ಎರಡರ ನಡುವಿನ ಪ್ರೊಪೆಲ್ಲರ್ ಶಾಫ್ಟ್ ನಡುಗಿ ತನ್ನ ತುದಿಯ ಕೀಲನ್ನು (ಕ್ರಾಸ್) ತಿಂದುಹಾಕುತ್ತದೆ. ಅದು ಸರಿಯಾದ ಮೇಲೆ ಪೂರ್ತಿ ವೆಲ್ಡಿಂಗ್, ಅದೂ ತುಂಡುತುಂಡಾಗಿ, ನಡುವೆ ಆರಲು ಬಿಟ್ಟು. ಒಂದೇ ಸಲ ಕಾಯಿಸಿದರೆ ಹೌಸಿಂಗ್ ಸೊಟ್ಟಗಾಗುತ್ತದೆ.

ಆಕ್ಸಲ್ ಎಲ್ಲಿ ಕೂರಬೇಕು? ಮುಂದಿನ ಆಕ್ಸಲ್‌ನಿಂದ ಆ ತಿರುಗುಣಿಗೆ 154 ಇಂಚು. ಹಿಂದಿನ ಎರಡು ಆಕ್ಸಲ್‌ಗಳ ನಡುವೆ 48 ಇಂಚು. ಅಂದರೆ ನಡುವಿನ ಆಕ್ಸಲ್ 130 ಇಂಚಿನಲ್ಲಿದೆ. ಅಲ್ಲೇ ಬಿಟ್ಟರೆ ಹಳೆ ಪ್ರೊಪೆಲ್ಲರ್ ಶಾಫ್ಟೇ ಸಾಕು, ಆದರೆ ಗಾಡಿ ತೀರಾ ಗಿಡ್ಡವಾಗಿ ಹೆದ್ದಾರಿಯಲ್ಲಿ ಚಂಚಲವಾಗುತ್ತದೆ. ನನಗೆ 145ರ ಆಸುಪಾಸು ಇಷ್ಟ. ಆಗ ಶಾಫ್ಟ್ ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಅದನ್ನು ಮಾತ್ರ ಶಾಫ್ಟ್ ಅಂಗಡಿಗೇ ಕೊಡಿ. ನಡುವಿನ ಆಕ್ಸಲ್‌ನಲ್ಲಿ ಹಿಂದಕ್ಕೆ ಹಾಯುವ ಶಾಫ್ಟ್ ಇರುತ್ತದೆ, ಹಾಗಾಗಿ ಕೊನೆಯ ಆಕ್ಸಲನ್ನೇ ಉಳಿಸಿಕೊಂಡರೆ ಚೊಕ್ಕ.

ಬ್ರೇಕ್ ಬಗ್ಗೆ ಗಮನ ಇಟ್ಟು ಓದಿ. ಇದು ಗಾಳಿಯ ಸಹಾಯದ ಹೈಡ್ರಾಲಿಕ್ ಬ್ರೇಕ್, ಎಲ್ಲ ಚಕ್ರಕ್ಕೂ ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪ್ ಒಡೆದರೆ ಎಲ್ಲ ಚಕ್ರದ ಬ್ರೇಕೂ ಹೋಗುತ್ತದೆ. ಆರು ಡ್ರಮ್‌ಗಳಲ್ಲಿ ಎರಡು ನೀವು ತೆಗೆಯುತ್ತೀರಿ, ಆದರೆ ತೂಕ ಮೂರನೇ ಒಂದು ಭಾಗ ಇಳಿಯುವುದಿಲ್ಲ. ಮೇಲಿಂದ ಎಲ್ಲರಿಗೂ 395/85ಆರ್20 ಟೈರ್ ಆಸೆ. ಅದು ಸುಮಾರು 46 ಇಂಚು ಎತ್ತರ. ಟೈರ್ ದೊಡ್ಡದಾದಷ್ಟೂ ಬ್ರೇಕ್ ಹಿಡಿತ ಕಡಿಮೆ. ಆದ್ದರಿಂದ ಗಾಡಿ ಬಿಚ್ಚಿದಾಗಲೇ ಎರಡು ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್ ಹಾಕಿಸಿ, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿ. ಸೇನೆ ಇದರಲ್ಲಿ ಬಳಸುತ್ತಿದ್ದದ್ದು ಡಾಟ್ 5 ಸಿಲಿಕೋನ್ ಬ್ರೇಕ್ ಆಯಿಲ್, ಅದಕ್ಕೆ ಸಾಮಾನ್ಯ ಡಾಟ್ 3 ಆಯಿಲ್ ಬೆರೆಸಬೇಡಿ. ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್‌ನಲ್ಲಿದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಅದು ಹಿಂದಿನ ಚಕ್ರವನ್ನು ಹಿಡಿಯುವುದಿಲ್ಲ. ಶಾಫ್ಟ್ ಮುಟ್ಟುವ ಮೊದಲು ಮುಂದಿನ ಚಕ್ರಗಳಿಗೆ ಎರಡೂ ಕಡೆ ದಪ್ಪ ಮರದ ಅಡೆ ಕೊಡಿ.

ಹಳೆ 9.00-20 ಚಕ್ರದ ರಿಮ್‌ಗೆ ಲಾಕ್ ರಿಂಗ್ ಇದೆ. ಟೈರ್ ಬಿಚ್ಚುವ ಮೊದಲು ವಾಲ್ವ್ ಪಿನ್ನೇ ತೆಗೆದು ಗಾಳಿ ಪೂರ್ತಿ ಬಿಡಿ, ತುಂಬುವಾಗ ಕಬ್ಬಿಣದ ಪಂಜರದೊಳಗೆ ತುಂಬಿ. ಆ ರಿಂಗ್ ಹಾರಿದರೆ ಜೀವ ತೆಗೆಯುತ್ತದೆ. ಡ್ರೈವರ್ ಬದಿಯ ನಟ್‌ಗಳು ಎಡಗೈ ತಿರುಪಿನವು, ಅಂದರೆ ಬಿಚ್ಚುವುದು ಉಲ್ಟಾ ದಿಕ್ಕಿಗೆ, ತಿಳಿಯದೆ ಜೋರು ಮಾಡಿದರೆ ಸ್ಟಡ್ ಮುರಿಯುತ್ತದೆ.

ಕಾಗದಪತ್ರಕ್ಕೆ, ಸರ್ಕಾರ ಗಾಡಿ ಮಾರುವಾಗ ಕೊಡುವ ಎಸ್‌ಎಫ್-97 ಫಾರ್ಮ್ ಭದ್ರವಾಗಿಡಿ, ಅದಿಲ್ಲದೆ ಟೈಟಲ್ (ಮಾಲೀಕತ್ವದ ಪತ್ರ) ಕಷ್ಟ. ಒಟ್ಟು ತೂಕದ ಮಿತಿ 26,001 ಪೌಂಡ್‌ಗಿಂತ ಕಡಿಮೆ ಇದ್ದರೆ ಸ್ವಂತ ಓಡಾಟಕ್ಕೆ ಸಾಮಾನ್ಯವಾಗಿ ವಾಣಿಜ್ಯ ಲೈಸೆನ್ಸ್ ಬೇಕಿಲ್ಲ. ಆದರೆ ನಿಮ್ಮ ರಾಜ್ಯದ ನಿಯಮ ಮೊದಲು ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಮಾರ್ಪಾಡಿನ ವಿಷಯ ಹೇಳಿ. ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು ದಯವಿಟ್ಟು ಅನುಕರಿಸಬೇಡಿ. ಅಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೀಗೆ ಗಾಡಿ ಬದಲಿಸಲು ಬಿಡುವುದಿಲ್ಲ. ಅಷ್ಟಕ್ಕೂ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ನಮ್ಮ ಸೇನೆಯ ಶಕ್ತಿಮಾನ್ ಟ್ರಕ್‌ಗೆ ಹಿಂಭಾಗದಲ್ಲಿ ಇದ್ದದ್ದೇ ಒಂದು ಆಕ್ಸಲ್.

ಎಲ್ಲ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ನೋಡಿ. ಮೊದಲ ಸಲ ರಸ್ತೆಗೆ ಹೋಗಿ ಬಂದ ಕೂಡಲೇ ಸ್ಪ್ರಿಂಗ್‌ನ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ, ಅವು ಸಡಿಲ ಆಗಿಯೇ ಇರುತ್ತವೆ. ನಿಮ್ಮ ಟ್ರಕ್ ಯಾವ ವರ್ಷದ್ದು, ಸಾಮಾನು ಹೇರುವ ಹಿಂಭಾಗದ ಉದ್ದ ಎಷ್ಟು ಉಳಿಸಬೇಕು ಅಂತ ಬರೆದರೆ ಹ್ಯಾಂಗರ್ ಎಲ್ಲಿ ಬರಬೇಕು ಅನ್ನುವ ಅಳತೆ ಕಳಿಸುತ್ತೇನೆ.