ಬ್ಯಾಟ್ ಹಿಡಿತ ಬದಲಿಸಿದರೆ ಹೊಡೆತ ಬದಲಾಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು, ಈಗ ಟೆಕ್ಸಾಸ್‌ನಲ್ಲಿದ್ದೇವೆ. ಮಗನಿಗೆ 12 ವರ್ಷ, ಲಿಟಲ್ ಲೀಗ್ (ಮಕ್ಕಳ) ಬೇಸ್‌ಬಾಲ್ ಆಡುತ್ತಾನೆ. ಬಲಗೈ ಬ್ಯಾಟರ್. ಬ್ಯಾಟ್ ಹಿಡಿಯೋದನ್ನು ಮನೆ ಹಿಂದೆ ನಾನೇ ಕಲಿಸಿದ್ದು, ಕ್ರಿಕೆಟ್ ಲೆಕ್ಕದಲ್ಲಿ. ಚೆಂಡು ಬ್ಯಾಟಿಗೆ ತಾಗುತ್ತದೆ, ಆದರೆ ಬಹಳ ಸಲ ನೆಲದ ಮೇಲೆ ಉರುಳಿ ನೇರ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕೈಗೆ ಹೋಗುತ್ತದೆ. ಕೋಚ್ ಹಿಡಿತ ಬದಲಿಸಿದರು. ಎರಡು ಸ್ಟ್ರೈಕ್ ಆದಮೇಲೆ (ಮೂರನೇ ಸ್ಟ್ರೈಕ್‌ಗೆ ಔಟ್) ಚೋಕ್ ಅಪ್ ಮಾಡು, ಅಂದರೆ ಕೈ ಮೇಲೆ ಸರಿಸಿ ಹಿಡಿ ಅಂತಲೂ ಹೇಳಿದ್ದಾರೆ. ಆಮೇಲೆ ಎರಡು ಮ್ಯಾಚಲ್ಲಿ ಒಂದೂ ಹಿಟ್ (ಔಟಾಗದೆ ಬೇಸ್ ತಲುಪಿಸುವ ಹೊಡೆತ) ಬಂದಿಲ್ಲ. ಹಳೇ ಹಿಡಿತಕ್ಕೇ ವಾಪಸ್ ಹೋಗೋದಾ?

ಉತ್ತರ: ಬೇಡ. ಎರಡು ಮ್ಯಾಚ್ ಅಂದರೆ ನಾಲ್ಕೈದು ಸಲ ಬ್ಯಾಟಿಂಗ್ ಸಿಕ್ಕಿರಬಹುದು, ಅಷ್ಟೇ. ಹತ್ತು ಸಲದಲ್ಲಿ ಮೂರು ಹಿಟ್ ಬಂದರೆ ಸರಾಸರಿ .300. ಒಂದು ಚೆಂಡು ಫೀಲ್ಡರ್ ಕೈ ತಪ್ಪಿಸಿ ನುಸುಳಿದರೆ ಅದೇ .400. ಇಷ್ಟು ಸಣ್ಣ ಲೆಕ್ಕ ಇಟ್ಟುಕೊಂಡು ಹಿಡಿತಕ್ಕೆ ಮಾರ್ಕ್ಸ್ ಕೊಡೋಕೆ ಆಗಲ್ಲ.

ನೀವು ಕಲಿಸಿದ್ದು ಪೂರ್ತಿ ತಪ್ಪು ಅಂತಲೂ ಅಲ್ಲ. ಹೆಬ್ಬೆರಳು, ತೋರುಬೆರಳಿನ ನಡುವಿನ ಎರಡೂ 'ವಿ' ಒಂದೇ ಸಾಲಲ್ಲಿ ಇರಲಿ ಅಂತ ಕ್ರಿಕೆಟ್‌ನಲ್ಲಿ ಹೇಳುತ್ತೇವಲ್ಲ, ಇಲ್ಲೂ ಹೆಚ್ಚುಕಡಿಮೆ ಹಾಗೇ. ಎಡವಟ್ಟು ಆಗೋದು ಬಲಗೈಯಲ್ಲಿ. ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು ಎತ್ತಿ ಹೊಡೆಯುವಾಗ ಬಲಗೈಯ ಅಂಗೈಯೊಳಗೆ ಹಿಡಿಯನ್ನು ಆಳಕ್ಕೆ ತುರುಕಿ ಗಟ್ಟಿಯಾಗಿ ಹಿಡಿಯುತ್ತಾರೆ. ಪುಲ್ ಹೊಡೆಯುವಾಗ ಚೆಂಡು ಮೇಲೇಳದಿರಲಿ ಅಂತ ಮಣಿಕಟ್ಟು ಹೊರಳಿಸುತ್ತಾರೆ. ನೆಲಕ್ಕೆ ಹೊಡೆದರೆ ಕ್ಯಾಚ್ ಹೋಗಲ್ಲ ಅನ್ನೋದು ನಮ್ಮ ರಕ್ತದಲ್ಲೇ ಇದೆ. ಬೇಸ್‌ಬಾಲ್‌ನಲ್ಲಿ ಅದೇ ಹೊಡೆತ ಔಟ್. ಶಾರ್ಟ್‌ಸ್ಟಾಪ್ ಎತ್ತಿಕೊಂಡು ಫಸ್ಟ್ ಬೇಸ್‌ಗೆ ಎಸೆದರೆ ಮುಗೀತು. ಇಲ್ಲಿ ಹೊಡೆದಮೇಲೆ ಓಡಲೇಬೇಕು, ಕ್ರೀಸಲ್ಲಿ ನಿಂತುಕೊಳ್ಳೋ ಸೌಲಭ್ಯ ಇಲ್ಲ.

ಹಾಗಾಗಿ ಮನೆಯಲ್ಲಿ ಹೀಗೆ ನೋಡಿ. ಬ್ಯಾಟನ್ನು ಅಂಗೈ ಮಧ್ಯಕ್ಕೆ ಇಡದೆ ಬೆರಳುಗಳ ಬುಡಕ್ಕೆ ಅಡ್ಡಲಾಗಿ ಇಡಿಸಿ. ಬೆರಳು ಮಡಚಲಿ. ಈಗ ಎರಡೂ ತೋರುಬೆರಳನ್ನು ನೆಟ್ಟಗೆ ಮಾಡು ಅನ್ನಿ. ಎರಡೂ ಸುಮಾರು ಒಂದೇ ದಿಕ್ಕಿಗೆ ತೋರಿಸಿದರೆ ಹಿಡಿತ ಸರಿಯಿದೆ. ಬಲಗೈ ಬೆರಳು ಬೇರೆಲ್ಲೋ ತೋರಿಸಿದರೆ ಆ ಕೈ ಸುತ್ತಿಕೊಂಡಿದೆ ಅಂತ ಅರ್ಥ. ಆಮೇಲೆ ನಿಧಾನವಾಗಿ ಸ್ವಿಂಗ್ ಮಾಡಿಸಿ, ಚೆಂಡು ತಾಗುವ ಜಾಗದಲ್ಲಿ ನಿಲ್ಲಿಸಿ. ಬಲ ಅಂಗೈ ಆಕಾಶ ನೋಡಬೇಕು, ಎಡ ಅಂಗೈ ನೆಲ ನೋಡಬೇಕು. ಅಂಗೈಗೆ ಆಳವಾಗಿ ಹಿಡಿದವರಿಗೆ ಅಲ್ಲಿಗೆ ಬರುವಷ್ಟರಲ್ಲೇ ಬಲಗೈ ಹೊರಳಿಬಿಟ್ಟಿರುತ್ತದೆ. ಬ್ಯಾಟ್ ಚೆಂಡಿನ ತಲೆ ಮೇಲೆ ಹೋಗುತ್ತದೆ, ಚೆಂಡು ಉರುಳುತ್ತದೆ. ನಿಮ್ಮ ಮಗನದ್ದು ಇದೇ ಇರಬಹುದು ಅಂತ ನನಗನ್ನಿಸುತ್ತದೆ.

ಒಂದು ಎಚ್ಚರ. ಕೋಚ್ 'ಟಾಪ್ ಹ್ಯಾಂಡ್' ಅಂದರೆ ಬಲಗೈ. ಕ್ರಿಕೆಟ್‌ನಲ್ಲಿ ಬ್ಯಾಟ್ ಕೆಳಮುಖ ಇರುವುದರಿಂದ ಅದು ಎಡಗೈ. ಅಪ್ಪ ಒಂದು ಕೈ, ಕೋಚ್ ಇನ್ನೊಂದು ಕೈ ತಿದ್ದುತ್ತಿದ್ದರೆ ಪಾಪ ಹುಡುಗನ ಗತಿ ಏನು?

ಇನ್ನು ಬಿಗಿ. ಗಟ್ಟಿಯಾಗಿ ಹಿಡಿದರೆ ಚೆಂಡು ಜೋರಾಗಿ ಹೋಗುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಹಾಗೇನಿಲ್ಲ. ಚೆಂಡು ಬ್ಯಾಟಿಗೆ ಅಂಟಿಕೊಂಡಿರೋದು ಸೆಕೆಂಡಿನ ಸಾವಿರ ಭಾಗದಲ್ಲಿ ಸುಮಾರು ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಪೆಟ್ಟಿನ ಕಂಪನ ಹಿಡಿವರೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಕ್ಷಣದಲ್ಲಿ ಕೈ ಎಷ್ಟು ಬಿಗಿಯಾಗಿದೆ ಅನ್ನೋದು ಚೆಂಡಿಗೆ ಗೊತ್ತೇ ಆಗಲ್ಲ. 2012ರ ಮೇ ತಿಂಗಳಲ್ಲಿ ಸಿನ್ಸಿನಾಟಿ ರೆಡ್ಸ್ ತಂಡದ ಟಾಡ್ ಫ್ರೇಜರ್ ಒಂದು ಹೋಮ್ ರನ್ ಹೊಡೆದರು. ಚಿತ್ರ ನೋಡಿದರೆ ಬ್ಯಾಟ್ ಕೈಯಿಂದ ಜಾರಿಹೋಗಿದೆ, ಚೆಂಡು ಮಾತ್ರ ಬೇಲಿ ದಾಟಿದೆ!

ಹಿಡಿತದ ಆಟವೆಲ್ಲ ಚೆಂಡು ತಾಗೋಕೆ ಮುಂಚೆಯೇ. ಬ್ಯಾಟ್ ಎಷ್ಟು ಬೇಗ ಹೊರಡುತ್ತದೆ, ಮಧ್ಯದಲ್ಲಿ ದಾರಿ ತಿದ್ದಿಕೊಳ್ಳಬಹುದಾ, ಇವೆರಡನ್ನೂ ಹಿಡಿತ ನಿರ್ಧರಿಸುತ್ತದೆ. ಮುಂಗೈ ಸ್ನಾಯು ಬಿಗಿಯಾಗಿದ್ದರೆ ಮಣಿಕಟ್ಟು ತಡವಾಗಿ ಬಿಚ್ಚಿಕೊಳ್ಳುತ್ತದೆ. ಲಿಟಲ್ ಲೀಗ್‌ನಲ್ಲಿ 46 ಅಡಿ ದೂರದಿಂದ ಎಸೆಯುತ್ತಾರೆ. ಗಂಟೆಗೆ 60 ಮೈಲಿ ವೇಗದ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದಕ್ಕೇ ಕಾಯುವಾಗ ಕೈ ಸಡಿಲ ಇರಲಿ. ಬೆರಳು ಆಡಿಸುತ್ತಿದ್ದರೂ ಪರವಾಗಿಲ್ಲ. ಸ್ವಿಂಗ್ ಶುರುವಾದಾಗ ಹಿಡಿತ ತಾನಾಗೇ ಗಟ್ಟಿಯಾಗುತ್ತದೆ, ಅದನ್ನು ಕಲಿಸಬೇಕಿಲ್ಲ.

ಚೋಕ್ ಅಪ್ ಅಂದರೆ ಕೈಯನ್ನು ಹಿಡಿಯ ಕೊನೆಯಲ್ಲಿರುವ ಗುಬುಟಿನಿಂದ (ಉಬ್ಬಿದ ಗುಂಡಿಯಿಂದ) ಒಂದೆರಡು ಇಂಚು ಮೇಲೆ ಸರಿಸೋದು. ತಕ್ಕಡಿಗೆ ಹಾಕಿದರೆ ಬ್ಯಾಟಿನ ತೂಕ ಅಷ್ಟೇ. ಆದರೆ ಬೀಸುವಾಗ ಹಗುರ ಅನ್ನಿಸುತ್ತದೆ, ಯಾಕಂದರೆ ಭಾರವಾದ ತುದಿ ಕೈಗೆ ಹತ್ತಿರ ಬಂತು. ಸ್ವಲ್ಪ ತಡವಾಗಿ ಶುರು ಮಾಡಿದರೂ ನಡೆಯುತ್ತದೆ, ಚೆಂಡನ್ನು ಇನ್ನಷ್ಟು ನೋಡಬಹುದು. ನಷ್ಟವೂ ಇದೆ. ಆಚೆ ಬದಿಯ ಚೆಂಡಿಗೆ ಒಂದೆರಡು ಇಂಚು ಕೈ ಎಟುಕಲ್ಲ, ಹಾಗಾಗಿ ಪ್ಲೇಟಿಗೆ (ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆಗೆ) ಸ್ವಲ್ಪ ಹತ್ತಿರ ನಿಲ್ಲಬೇಕು. ಇದನ್ನು ಹುಡುಗರು ಮರೆಯುತ್ತಾರೆ. ಹಿಡಿತ ಮೇಲೆ ಬಂತು, ಕಾಲು ಅಲ್ಲೇ ಉಳೀತು.

ಚೋಕ್ ಅಪ್ ಬಲ ಇಲ್ಲದವರ ಉಪಾಯ ಅಂತ ಮಗ ಮುಖ ಸಿಂಡರಿಸಿದರೆ ಹೋಮ್ ರನ್‌ಗೆ ಹೆಸರಾದ ಆಟಗಾರ ಬ್ಯಾರಿ ಬಾಂಡ್ಸ್ ವಿಡಿಯೊ ತೋರಿಸಿ. 2001ರಲ್ಲಿ 73 ಹೋಮ್ ರನ್ ಹೊಡೆದಾಗಲೂ ಕೈ ಮೇಲೇ ಇತ್ತು. (ಅವರ ಸುತ್ತ ಇರುವ ಬಲವರ್ಧಕ ಔಷಧಿ ವಿವಾದ ಬೇರೆ ಕಥೆ.) ಎರಡು ಸ್ಟ್ರೈಕ್ ಆದಮೇಲೆ ಕೈ ಮೇಲೆ ಸರಿಸೋದಕ್ಕೆ ರೆಡ್ಸ್ ತಂಡದಲ್ಲಿದ್ದ ಜೋಯಿ ವೊಟ್ಟೊ ಹೆಸರುವಾಸಿಯಾಗಿದ್ದರು. 2017ರಲ್ಲಿ ಅವರು 36 ಹೋಮ್ ರನ್ ಹೊಡೆದರು, 134 ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಸಿಗುವ ಫಸ್ಟ್ ಬೇಸ್) ಗಳಿಸಿದರು, ಸ್ಟ್ರೈಕ್ ಔಟ್ ಆಗಿದ್ದು ಬರೀ 83 ಸಲ. ಇದೆಲ್ಲ ಹಿಡಿತದಿಂದಲೇ ಬಂತು ಅಂತಲ್ಲ, ಅವರ ಕಣ್ಣು ಅಂಥದ್ದು. ಕೈ ಮೇಲೆ ಸರಿಸಿದರೆ ಜೋರು ಹೋಗಲ್ಲ ಅನ್ನೋದು ಮಾತ್ರ ಸುಳ್ಳು.

ಎಲ್ಲ ಚೆಂಡಿಗೂ ಕೈ ಮೇಲೆ ಸರಿಸಿದರೇ ಆರಾಮ ಅನ್ನಿಸುತ್ತಿದ್ದರೆ ಬ್ಯಾಟೇ ಉದ್ದ ಅಥವಾ ಭಾರ ಜಾಸ್ತಿ ಇರಬಹುದು. 'ಮುಂದಿನ ವರ್ಷಕ್ಕೂ ಆಗುತ್ತೆ' ಅಂತ ದೊಡ್ಡದು ತಂದಿಲ್ಲ ತಾನೆ?

ಒಂದು ತಿಂಗಳು ಟೀ (ಚೆಂಡು ಕೂರಿಸುವ ಕಂಬ) ಮೇಲೆ ಚೆಂಡು ಇಟ್ಟು, ಆಮೇಲೆ ಪಕ್ಕದಿಂದ ಮೆಲ್ಲಗೆ ಎಸೆದು ಹೊಡೆಸಿ. ಹಿಟ್ ಎಣಿಸಬೇಡಿ. ಎಷ್ಟು ಚೆಂಡು ತಪ್ಪಿದ, ಎಷ್ಟು ನೆಲಕ್ಕೆ ಹೋದವು, ಅಷ್ಟು ಬರೆದಿಡಿ.

ಪ್ರಶ್ನೆ: ಹಿಂದಿನ ಬೇಸ್‌ಬಾಲ್ ಆಟಗಾರ ಟೈ ಕಾಬ್ ಹಳೇ ಫೋಟೊಗಳಲ್ಲಿ ಎರಡೂ ಕೈ ದೂರ ದೂರ ಇಟ್ಟು ಬ್ಯಾಟ್ ಹಿಡಿದಿದ್ದಾರೆ. ಈಗ ಯಾರೂ ಯಾಕೆ ಹಾಗೆ ಹಿಡಿಯಲ್ಲ? (ಬೆಂಗಳೂರಿನ ಓದುಗರು)

ಉತ್ತರ: ಅವರು ಬೆಳೆದದ್ದು 1920ಕ್ಕಿಂತ ಮುಂಚಿನ ಕಾಲ. ಚೆಂಡು ಅಷ್ಟು ದೂರ ಹೋಗುತ್ತಿರಲಿಲ್ಲ. ಬಂಟ್ ಮಾಡೋದು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟೋದು), ಫೀಲ್ಡರ್‌ಗಳ ಸಂದಿಯಲ್ಲಿ ತಳ್ಳೋದು, ಇದೇ ಆಟ. ಕೈ ದೂರ ಇದ್ದರೆ ಬ್ಯಾಟಿನ ತುದಿ ಹೇಳಿದ ಮಾತು ಕೇಳುತ್ತದೆ. ಬೇಕೆಂದಾಗ ಕಾಬ್ ಕೆಳಗಿನ ಕೈಯನ್ನು ಮೇಲೆ ಜಾರಿಸಿ ಜೋಡಿಸುತ್ತಿದ್ದರು. ಈಗಿನ ವೇಗದ ಚೆಂಡಿಗೆ, ಹೋಮ್ ರನ್ ಆಸೆಗೆ ಅದು ಒಗ್ಗಲ್ಲ.

ಅದಕ್ಕಿಂತ ವಿಚಿತ್ರ ಹಿಡಿತ ಇನ್ನೊಬ್ಬ ಹಿಂದಿನ ಆಟಗಾರ ಹ್ಯಾಂಕ್ ಆರನ್ ಅವರದ್ದು. ಬಲಗೈ ಬ್ಯಾಟರ್ ಆಗಿದ್ದೂ ಶುರುವಿನಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ ಸೇರಿದಾಗಲೂ ಆ ಅಭ್ಯಾಸ ಇತ್ತು. ಆಮೇಲೆ ಸರಿ ಮಾಡಿಕೊಂಡರು. ಒಟ್ಟು ಹೊಡೆದದ್ದು 755 ಹೋಮ್ ರನ್.

ಪ್ರಶ್ನೆ: ಕಾಲೇಜಲ್ಲಿ ಆಡುತ್ತೇನೆ. ಕಿರುಬೆರಳನ್ನು ಗುಬುಟಿನ ಮೇಲೆ ಇಟ್ಟು ಹಿಡಿಯೋಕೆ ಶುರು ಮಾಡಿದ ಮೇಲೆ ಕೆಳಗಿನ ಕೈಯ ಅಂಗೈ ನೋಯುತ್ತಿದೆ. ಗ್ಲವ್ಸ್ ಬದಲಿಸಲಾ?

ಉತ್ತರ: ಗ್ಲವ್ಸ್ ಆಮೇಲೆ. ಅಂಗೈಯಲ್ಲಿ ಕಿರುಬೆರಳಿನ ಕಡೆ ಹ್ಯಾಮೇಟ್ ಅನ್ನೋ ಸಣ್ಣ ಮೂಳೆ ಇದೆ, ಅದಕ್ಕೊಂದು ಕೊಕ್ಕೆ. ಪ್ರತಿ ಸ್ವಿಂಗ್‌ನಲ್ಲೂ ಗುಬುಟು ಅದನ್ನೇ ಒತ್ತುತ್ತದೆ. 2015ರಲ್ಲಿ ಬೇಸ್‌ಬಾಲ್ ತಾರೆ ಜಿಯಾನ್‌ಕಾರ್ಲೊ ಸ್ಟ್ಯಾಂಟನ್ ಸೀಸನ್ ಅರ್ಧಕ್ಕೇ ನಿಂತಿದ್ದು ಈ ಮೂಳೆ ಮುರಿದಿದ್ದಕ್ಕೆ. ನೋವು ಪೂರ್ತಿ ಹೋಗುವವರೆಗೆ ಬ್ಯಾಟ್ ಮುಟ್ಟಬೇಡಿ, ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಈ ಬಿರುಕು ಎಷ್ಟೋ ಸಲ ಕಾಣಲ್ಲ. ಸಿ.ಟಿ. ಸ್ಕ್ಯಾನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.